ಪೆಸಿಫಿಕ್ ಕಡಲಿನ ಮೇಲೆ ಸೂರ್ಯ ಹುಟ್ಟುವ ಊರು

ಓದುಗರ ಪತ್ರ: ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತೇನೆ. ಅಟ್ಲಾಂಟಿಕ್ ಕಡೆಯಿಂದ ಪನಾಮ ಕಾಲುವೆ ಹೊಕ್ಕ ಹಡಗು ಪಶ್ಚಿಮಕ್ಕೆ ಸಾಗಿ ಪೆಸಿಫಿಕ್ ಸೇರುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ವಿದ್ಯಾರ್ಥಿನಿಯೊಬ್ಬಳು ಅಟ್ಲಾಸ್ ತೆರೆದಿಟ್ಟು, ‘ಇಲ್ಲ ಸಾರ್, ಪೂರ್ವಕ್ಕೆ ಹೋಗುತ್ತೆ’ ಅನ್ನುತ್ತಾಳೆ. ಯಾವುದು ಸರಿ? ಪನಾಮ ಎಂದರೆ ಕಾಲುವೆಗಾಗಿ ಅಮೆರಿಕ ಹುಟ್ಟಿಸಿದ ದೇಶ ಎಂದು ಮಕ್ಕಳಿಗೆ ಹೇಳಬಹುದೇ?

ಸಂಪಾದಕರ ಉತ್ತರ:

ಮೇಷ್ಟ್ರೇ, ಹುಡುಗಿ ಹೇಳಿದ್ದೇ ಸರಿ. ತಪ್ಪು ನಮ್ಮದು. ಅವಳಿಗೆ ನಮ್ಮ ಮೆಚ್ಚುಗೆ ತಿಳಿಸಿ.

ಎರಡು ಅಮೆರಿಕಗಳನ್ನು ಕೂಡಿಸುವ ಈ ಭೂಸಂಧಿ ಉತ್ತರ-ದಕ್ಷಿಣವಾಗಿ ಇಳಿದಿದೆ ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಹರಿಯುವ ಹಾವಿನ ಹಾಗೆ ಬಳುಕಿ, ಪೂರ್ವ-ಪಶ್ಚಿಮವಾಗಿ ಅಡ್ಡ ಮಲಗಿದೆ. ಬಡಗಣಕ್ಕೆ ಕೆರಿಬಿಯನ್, ತೆಂಕಣಕ್ಕೆ ಪೆಸಿಫಿಕ್. ಕಾಲುವೆಯ ಉದ್ದ ಸುಮಾರು 80 ಕಿಲೋಮೀಟರ್. ಕೊಲೋನ್ ಊರಿನ ಬಳಿ ಒಳಗೆ ಬಂದ ಹಡಗು ಆಗ್ನೇಯಕ್ಕೆ ಸಾಗಿ ಪನಾಮ ಸಿಟಿಯ ಹತ್ತಿರ ಹೊರಬೀಳುತ್ತದೆ. ಆ ಊರಿನ ಜನ ಬೆಳಗ್ಗೆ ಎದ್ದು ನೋಡಿದರೆ ಸೂರ್ಯ ಹುಟ್ಟುವುದು ಪೆಸಿಫಿಕ್ ಮೇಲೆ! 1513ರಲ್ಲಿ ಸ್ಪೇನಿನ ಬಾಲ್ಬೋವಾ ಕಾಡು ದಾಟಿ ಬಂದು ಈ ಕಡಲನ್ನು ಕಂಡಾಗ ಅದಕ್ಕೆ ‘ತೆಂಕಣ ಸಮುದ್ರ’ ಎಂದೇ ಹೆಸರಿಟ್ಟ. ಅವನು ನಿಂತ ಜಾಗದಿಂದ ಅದು ತೆಂಕಣಕ್ಕೇ ಇತ್ತಲ್ವಾ?

ನಿಮ್ಮ ಎರಡನೇ ಪ್ರಶ್ನೆಗೆ ‘ಹೌದು’ ಎನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ.

ಕಾಲುವೆಗಿಂತ ಮುನ್ನೂರು ವರ್ಷಕ್ಕೂ ಮೊದಲೇ ಈ ನೆಲದ ಬದುಕು ದಾಟಿಸುವುದರ ಮೇಲೆ ನಿಂತಿತ್ತು. ಪೆರುವಿನ ಬೆಳ್ಳಿ ಹಡಗಿನಲ್ಲಿ ಪನಾಮ ಸಿಟಿಗೆ ಬರುತ್ತಿತ್ತು. ಅಲ್ಲಿಂದ ಹೇಸರಗತ್ತೆಗಳ ಬೆನ್ನೇರಿ, ಕಾಡಿನ ಕೆಸರು ತುಳಿದು ಕೆರಿಬಿಯನ್ ದಡದ ಪೋರ್ಟೊಬೆಲೊ ಸೇರಿ, ಮತ್ತೆ ಹಡಗು ಹತ್ತಿ ಸ್ಪೇನಿಗೆ ಹೋಗುತ್ತಿತ್ತು. ಆ ಸಂಪತ್ತಿನ ಆಸೆಗೆ ಕಡಲುಗಳ್ಳ ಹೆನ್ರಿ ಮಾರ್ಗನ್ 1671ರಲ್ಲಿ ಪನಾಮ ಸಿಟಿಗೇ ನುಗ್ಗಿದ. ಊರು ಸುಟ್ಟುಹೋಯಿತು. ಜನ ಸ್ವಲ್ಪ ದೂರದಲ್ಲಿ ಇನ್ನೊಂದು ಊರು ಕಟ್ಟಿಕೊಂಡರು. 1855ಕ್ಕೆ ರೈಲೂ ಬಂತು.

1821ರಲ್ಲಿ ಸ್ಪೇನಿನಿಂದ ಬಿಡಿಸಿಕೊಂಡ ಪನಾಮ, ಸ್ವಾತಂತ್ರ್ಯ ಹೋರಾಟಗಾರ ಬೊಲಿವಾರನ ಕೊಲಂಬಿಯಾ ಜೊತೆ ಸೇರಿತು. ಆದರೆ ಸಂಸಾರ ಹೊಂದಲಿಲ್ಲ. 1840ರಲ್ಲಿ ತೊಮಾಸ್ ಎರೆರಾ ಮುಂದಾಳತ್ವದಲ್ಲಿ ಬೇರೆಯಾಗಿ, ಒಂದು ವರ್ಷಕ್ಕೂ ಜಾಸ್ತಿ ಸ್ವತಂತ್ರವಾಗಿಯೇ ಇದ್ದು, ಆಮೇಲೆ ಮತ್ತೆ ಕೊಲಂಬಿಯಾ ಸೇರಿತು. ಹಾಗಾಗಿ ಬೇರೆಯಾಗುವ ಆಸೆ ಅಮೆರಿಕದವರು ಬಿತ್ತಿದ್ದಲ್ಲ. 1903ರ ನವೆಂಬರ್ 3ರಂದು ಪನಾಮ ಕೊಲಂಬಿಯಾದಿಂದ ಬಿಡುಗಡೆ ಘೋಷಿಸಿದಾಗ ಅಮೆರಿಕದ ಯುದ್ಧನೌಕೆ ಬೆಂಗಾವಲಿಗೆ ನಿಂತಿದ್ದೂ ನಿಜ. ಕೊಲಂಬಿಯಾದ ಸೆನೆಟ್ ಅಮೆರಿಕದ ಜೊತೆಗಿನ ಕಾಲುವೆ ಒಪ್ಪಂದವನ್ನು ತಳ್ಳಿಹಾಕಿ ಆಗಿನ್ನೂ ಮೂರು ತಿಂಗಳಾಗಿತ್ತು. ಮಕ್ಕಳಿಗೆ ಇವೆರಡನ್ನೂ ಹೇಳಿ.

ಆಮೇಲೆ ನಡೆದದ್ದನ್ನು ಮಾತ್ರ ಬಿಡದೆ ಹೇಳಿ. ನವೆಂಬರ್ 18ರ ಸಂಜೆ ಕಾಲುವೆ ಒಪ್ಪಂದಕ್ಕೆ ಪನಾಮದ ಪರವಾಗಿ ಸಹಿ ಹಾಕಿದವನು ಬ್ಯೂನೊ-ವಾರಿಯ ಎಂಬ ಫ್ರೆಂಚ್ ಎಂಜಿನಿಯರ್. ಸಾವಿರಾರು ಕೂಲಿಗಳನ್ನು ಹಳದಿ ಜ್ವರ, ಮಲೇರಿಯಾಗಳಿಗೆ ಬಲಿಕೊಟ್ಟು ಫ್ರೆಂಚರು ಕೈಬಿಟ್ಟಿದ್ದ ಕಾಲುವೆಯನ್ನು ಅಮೆರಿಕಕ್ಕೆ ಮಾರಿಸಲು ಓಡಾಡುತ್ತಿದ್ದವನು ಅವನು. ಪನಾಮದ ನಿಯೋಗ ಇನ್ನೂ ರೈಲಿನಲ್ಲಿತ್ತು. ನಿಯೋಗದ ಅಮದೋರ್ ಮತ್ತು ಬಾಯ್ಡ್ ವಾಷಿಂಗ್ಟನ್ನಿನಲ್ಲಿ ಇಳಿಯುವಷ್ಟರಲ್ಲಿ ಸಹಿ ಮುಗಿದಿತ್ತು. ದೇಶದ ನಡುವೆ ಹತ್ತು ಮೈಲಿ ಅಗಲದ ಪಟ್ಟಿ ಎಂದೆಂದಿಗೂ ಅಮೆರಿಕದ ಕೈಗೆ ಹೋಯಿತು. ಪನಾಮದ ಒಬ್ಬನೇ ಒಬ್ಬ ಪ್ರಜೆಯ ಸಹಿಯೂ ಅದರಲ್ಲಿರಲಿಲ್ಲ. ಇದನ್ನು ಬರೆಯುವಾಗ ನನಗೆ ಈಗಲೂ ಸಂಕಟವಾಗುತ್ತದೆ.

ಕಾಲುವೆ 1914ರಲ್ಲಿ ತೆರೆಯಿತು. ಅಗೆದವರಲ್ಲಿ ಬಾರ್ಬಡೋಸ್, ಜಮೈಕಾದಂಥ ದ್ವೀಪಗಳಿಂದ ಬಂದ ಕಪ್ಪು ಜನರೇ ಜಾಸ್ತಿ. ಬಿಳಿಯರಿಗೆ ಚಿನ್ನದ ಪಟ್ಟಿಯಲ್ಲಿ ಸಂಬಳ, ಇವರಿಗೆ ಬೆಳ್ಳಿಯ ಪಟ್ಟಿಯಲ್ಲಿ. ಮನೆ, ಊಟ, ಅಂಚೆ ಕಚೇರಿಯ ಸಾಲು ಕೂಡ ಬೇರೆ ಬೇರೆ.

1964ರ ಜನವರಿ 9ರಂದು ಪನಾಮದ ಶಾಲಾ ಮಕ್ಕಳು ತಮ್ಮ ದೇಶದ ಬಾವುಟ ಹಿಡಿದು, ಅಮೆರಿಕದ ಕೈಯಲ್ಲಿದ್ದ ಆ ಹತ್ತು ಮೈಲಿಯ ಪಟ್ಟಿಯೊಳಗಿನ ಹೈಸ್ಕೂಲಿಗೆ ನಡೆದು ಹೋದರು. ಅಮೆರಿಕದ ಬಾವುಟದ ಪಕ್ಕದಲ್ಲಿ ತಮ್ಮದೂ ಹಾರಲಿ ಎಂದಷ್ಟೇ ಕೇಳಿದ್ದು. ನೂಕಾಟದಲ್ಲಿ ಪನಾಮದ ಬಾವುಟ ಹರಿಯಿತು. ಆಮೇಲಿನ ಗಲಭೆ, ಗುಂಡೇಟಿನಲ್ಲಿ ಪನಾಮದ 20ಕ್ಕೂ ಹೆಚ್ಚು ಜನ ಸತ್ತರು. ನಿಮ್ಮ ತರಗತಿಯ ಮಕ್ಕಳ ವಯಸ್ಸಿನವರೇ ಹೊರಟ ಮೆರವಣಿಗೆ ಅದು. 1977ರಲ್ಲಿ ಪನಾಮದ ನಾಯಕ ಟೊರ್ರಿಹೋಸ್ ಮತ್ತು ಅಮೆರಿಕದ ಅಧ್ಯಕ್ಷ ಕಾರ್ಟರ್ ಹೊಸ ಒಪ್ಪಂದ ಮಾಡಿಕೊಂಡರು. ಅದರಂತೆ 1999ರ ಡಿಸೆಂಬರ್ 31ರ ಮಧ್ಯಾಹ್ನ ಕಾಲುವೆ ಪನಾಮದ ಕೈಸೇರಿತು.

ಇನ್ನೊಂದು ವಿಷಯ, ಆ ಹುಡುಗಿಗೆ ಇಷ್ಟವಾಗಬಹುದು. ಕಾಲುವೆಯಲ್ಲಿ ಹಡಗನ್ನು ಎತ್ತುವುದು ಸಮುದ್ರದ ನೀರಲ್ಲ, ಮಳೆಯ ನೀರು. ಚಾಗ್ರೆಸ್ ನದಿಗೆ ಕಟ್ಟೆ ಹಾಕಿ ಗಾಟುನ್ ಕೆರೆ ಮಾಡಿದ್ದಾರೆ. ಅದು ಕಡಲಿಗಿಂತ 26 ಮೀಟರ್ ಎತ್ತರದಲ್ಲಿದೆ. ಹಡಗು ಒಂದೊಂದೇ ತೊಟ್ಟಿಗೆ ಬರುತ್ತದೆ. ಗೇಟು ಮುಚ್ಚುತ್ತದೆ. ಮೇಲಿನ ನೀರು ತಾನಾಗಿ ಇಳಿದು ತುಂಬುತ್ತದೆ, ಪಂಪು ಬೇಕಿಲ್ಲ. ಹೀಗೆ ಮೂರು ಮೆಟ್ಟಿಲು ಹತ್ತಿ, ಕೆರೆ ದಾಟಿ, ಆಚೆ ಮೂರು ಮೆಟ್ಟಿಲು ಇಳಿಯುತ್ತದೆ. ಹಳೆಯ ಗೇಟುಗಳಲ್ಲಿ ಒಂದು ಹಡಗು ದಾಟುವಷ್ಟರಲ್ಲಿ ಸುಮಾರು 20 ಕೋಟಿ ಲೀಟರ್ ಸಿಹಿನೀರು ಕಡಲು ಸೇರುತ್ತದೆ. ಪನಾಮ ಸಿಟಿ, ಕೊಲೋನ್‌ಗಳ ಕುಡಿಯುವ ನೀರೂ ಇದೇ ಕಾಲುವೆಯ ಕೆರೆಗಳಿಂದಲೇ ಬರಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ದಿನಕ್ಕೆ ಬಿಡುವ ಹಡಗುಗಳನ್ನೇ ಕಡಿಮೆ ಮಾಡಬೇಕಾಯಿತು. ಕಡಲಿನಲ್ಲಿ ಹಡಗುಗಳು ಸಾಲುಗಟ್ಟಿ, ಮಳೆಗಾಗಿ ಕಾದು ನಿಂತಿದ್ದವು.