ಸಲಿಂಗಿ ಮತ್ತು ದ್ವಿಲಿಂಗಾಸಕ್ತ ಕ್ಲೈಂಟ್‌ಗಳೊಡನೆ ಕೆಲಸ ಮಾಡಲು ಕುಟುಂಬ ಥೆರಪಿಸ್ಟ್‌ಗೆ ಒಂದು ಕಾರ್ಯಾಗಾರ ಸಾಕೇ?
ಎರಡು ದಿನದ ಕಾರ್ಯಾಗಾರ ಸಾಕೇ, ಪ್ರತ್ಯೇಕ ಸರ್ಟಿಫಿಕೇಟ್ ಕೋರ್ಸ್ ಬೇಕೇ ಎಂದು ಕೇಳಿದ್ದೀರಿ. ‘ಹೇಗೂ ನಾನು ತಟಸ್ಥವಾಗಿಯೇ ಇರುತ್ತೇನೆ’ ಎಂದೂ ಸೇರಿಸಿದ್ದೀರಿ. ಆ ಕೊನೆಯ ಮಾತನ್ನು ಓದಿಯೇ ಉತ್ತರ ಬರೆಯಲು ಕುಳಿತೆ, ಏಕೆಂದರೆ ವೃತ್ತಿಯ ಆರಂಭದಲ್ಲಿ ನಾನೂ ಅದನ್ನೇ ನಂಬಿದ್ದೆ.

ತಾನು ಲೆಸ್ಬಿಯನ್ ಎಂದು ಮನೆಯಲ್ಲಿ ಆಗಷ್ಟೇ ಹೇಳಿಕೊಂಡಿದ್ದ ಯುವತಿಯೊಬ್ಬಳನ್ನು ತಂದೆತಾಯಿ ಕರೆತಂದಿದ್ದರು. ಮೊದಲ ಭೇಟಿಯಲ್ಲೇ ಮೂವರನ್ನೂ ಒಟ್ಟಿಗೆ ಕೂರಿಸಿದೆ. ‘ಇದು ಬದಲಾಗುತ್ತದಲ್ಲವೇ?’ ಎಂದು ತಾಯಿ ಕೇಳಿದಾಗ, ‘ಈಗಲೇ ಯಾವ ತೀರ್ಮಾನಕ್ಕೂ ಬರುವುದು ಬೇಡ, ನೋಡೋಣ’ ಎಂದೆ. ಯಾರ ಪಕ್ಷವನ್ನೂ ವಹಿಸಲಿಲ್ಲವೆಂಬ ಸಮಾಧಾನ ನನಗಿತ್ತು. ಆದರೆ ತಾಯಿ ಆ ಮಾತನ್ನು ಭರವಸೆಯೆಂದು ತೆಗೆದುಕೊಂಡರು. ಮಗಳು ಕೈಚೀಲವನ್ನು ಮಡಿಲಿಗೆಳೆದುಕೊಂಡು ಸುಮ್ಮನಾದಳು; ಮುಂದಿನ ಭೇಟಿಗೆ ಬರಲೇ ಇಲ್ಲ.

ಇಲ್ಲಿ ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕು. ನಮಗೆ ಕಲಿಸುವ ತಟಸ್ಥತೆ ಮನೆಯವರ ನಡುವಿನ ಜಗಳಕ್ಕೆ, ಯಾರದು ಸರಿ ಯಾರದು ತಪ್ಪು ಎಂಬ ವಾದಕ್ಕೆ ಸಲ್ಲುತ್ತದೆ. ಸಲಿಂಗ ಆಕರ್ಷಣೆ ಕಾಯಿಲೆಯೇ ಎಂಬುದು ಅಂಥ ವಾದವಲ್ಲ. ಅಮೆರಿಕನ್ ಸೈಕಿಯಾಟ್ರಿಕ್ ಅಸೋಸಿಯೇಷನ್ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿವೆ. ಹೀಗೆ ತೀರ್ಮಾನವಾಗಿರುವ ಸಂಗತಿಯನ್ನು ನಾನು ತೀರ್ಮಾನವಾಗದ್ದೆಂಬಂತೆ ಆ ಹುಡುಗಿಯ ಎದುರೇ ಮಂಡಿಸಿದ್ದೆ. ‘ಇದು ಬದಲಿಸಬೇಕಾದ ಕಾಯಿಲೆಯಲ್ಲ, ನಿಮ್ಮ ಆತಂಕದ ಬಗ್ಗೆ ಮಾತನಾಡೋಣ’ ಎಂದು ತಾಯಿಗೆ ಅಲ್ಲೇ ಹೇಳಬೇಕಿತ್ತು. ಅದಕ್ಕೂ ಮೊದಲು, ಮಗಳನ್ನು ಒಬ್ಬಳನ್ನೇ, ತಂದೆತಾಯಿಯನ್ನು ಬೇರೆಯಾಗಿ ಭೇಟಿಯಾಗಿ, ಆನಂತರ ಒಟ್ಟಿಗೆ ಕೂರಿಸಬೇಕಿತ್ತು. ಹೆತ್ತವರ ದುಃಖಕ್ಕೂ ನೆಂಟರಿಷ್ಟರ ಭಯಕ್ಕೂ ಜಾಗ ಬೇಕು, ಆದರೆ ಅದನ್ನೆಲ್ಲ ಮೊದಲ ದಿನವೇ ಮಗಳು ಕೂತು ಕೇಳಬೇಕಾಗಿಲ್ಲ.

ಆದ್ದರಿಂದ ಕಾರ್ಯಾಗಾರವೋ ಕೋರ್ಸೋ ಎಂಬ ಆಯ್ಕೆ ನನ್ನ ಮಟ್ಟಿಗೆ ದೊಡ್ಡದಲ್ಲ. ಪೂರ್ವಗ್ರಹ, ಮುಚ್ಚಿಟ್ಟು ಬದುಕುವುದು, ತಿರಸ್ಕಾರದ ನಿರೀಕ್ಷೆ ಇವು ಮನಸ್ಸನ್ನು ಹೇಗೆ ದಣಿಸುತ್ತವೆ ಎಂಬುದನ್ನು ಸಂಶೋಧಕ ಇಲಾನ್ ಮೇಯರ್ 2003ರಲ್ಲಿ ‘ಅಲ್ಪಸಂಖ್ಯಾತರ ಒತ್ತಡ’ದ ಮಾದರಿಯಲ್ಲಿ ವಿವರಿಸಿದ್ದಾರೆ, ಅದನ್ನು ಓದಿಕೊಳ್ಳಿ. ಓದಿಗಿಂತ ಮುಖ್ಯವಾಗಿ, ಇಂಥ ಕುಟುಂಬಗಳೊಡನೆ ಕೆಲಸ ಮಾಡಿದ ಸೂಪರ್‌ವೈಸರ್ (ನಮ್ಮ ಕೆಲಸವನ್ನು ಪರಿಶೀಲಿಸಿ ತಿದ್ದುವ ಅನುಭವಿ ಥೆರಪಿಸ್ಟ್) ಒಬ್ಬರನ್ನು ಹುಡುಕಿ, ಕ್ಲೈಂಟ್‌ಗಳ ಒಪ್ಪಿಗೆ ಪಡೆದು ನಿಮ್ಮ ಭೇಟಿಗಳ ಧ್ವನಿಮುದ್ರಣವನ್ನು ಅವರಿಗೆ ಕೇಳಿಸಿ. ನೀವು ಎಲ್ಲಿ ತಡವರಿಸಿದಿರಿ, ಯಾವ ಪ್ರಶ್ನೆಯನ್ನು ದಾಟಿಹೋದಿರಿ ಎಂಬುದನ್ನು ಅವರು ಹಿಡಿಯುತ್ತಾರೆ. ಗಂಡಸನ್ನು ಮದುವೆಯಾದ ದ್ವಿಲಿಂಗಾಸಕ್ತ ಮಹಿಳೆಗೆ ‘ಹಾಗಾದರೆ ಅದೆಲ್ಲ ಮುಗಿಯಿತಲ್ಲ’ ಎಂದು ಹೇಳಿಬಿಡುವ ಅಭ್ಯಾಸವೂ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನು, ಯಾವುದೇ ಕ್ಲೈಂಟ್‌ನ ಮನೆಗೆ ಫೋನ್ ಮಾಡುವ ಮುನ್ನ, ಅಲ್ಲಿ ಯಾರಿಗೆ ಎಷ್ಟು ಗೊತ್ತಿದೆ ಎಂದು ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.