ಸೊನ್ನೆ ಅಂಕದ ಎಫ್1 ತಂಡಗಳ ಕ್ರಮ

2014ರ ಎಫ್1 (ಫಾರ್ಮುಲಾ ಒನ್ ಕಾರ್ ರೇಸ್) ತಂಡಗಳ ನಿಮ್ಮ ಎಕ್ಸೆಲ್ ಪಟ್ಟಿಯಲ್ಲಿ ಸೌಬರ್ ತಂಡಕ್ಕಿಂತ ಕೇಟರ್‌ಹ್ಯಾಮ್ ತಂಡ ಮೇಲೆ ಬರ್ತಿದೆ, ಯಾಕೆ ಅಂತ ಕೇಳಿದ್ದೀರಿ. ಅದು ಬಹುಶಃ ಅಂಕದ ಕಾಲಂ ಒಂದನ್ನೇ ಸಾರ್ಟ್ ಮಾಡಿರೋದರಿಂದ. ಇಬ್ಬರದ್ದೂ 0 ಅಲ್ವಾ, ಆಗ ಪಟ್ಟಿಯಲ್ಲಿ ಮೊದಲಿದ್ದ ಕ್ರಮವೇ, ಬಹುಶಃ ಹೆಸರಿನ ಅಕ್ಷರದ ಕ್ರಮ, ಉಳಿದುಬಿಡುತ್ತದೆ. ಅಂಕ ಸಮವಾದರೆ ನೋಡಬೇಕಾದ್ದು ಯಾರಿಗೆ ಮೇಲಿನ ಸ್ಥಾನಗಳು ಹೆಚ್ಚು ಸಲ ಬಂದಿವೆ ಅನ್ನೋದನ್ನು.

ಮೊದಲು ಪ್ರತಿ ತಂಡದ ಎರಡೂ ಕಾರುಗಳ ಸ್ಥಾನ ಎಣಿಸಿ: 1ನೇ ಸ್ಥಾನ ಎಷ್ಟು ಸಲ, 2ನೇದು ಎಷ್ಟು ಸಲ, ಹೀಗೆ ಕೊನೆಯವರೆಗೆ ಒಂದೊಂದು ಕಾಲಂ. ಆಮೇಲೆ ಅಂಕ, 1ನೇ ಸ್ಥಾನ, 2ನೇ ಸ್ಥಾನ ಅಂತ ಅದೇ ಕ್ರಮದಲ್ಲಿ, ದೊಡ್ಡದರಿಂದ ಚಿಕ್ಕದಕ್ಕೆ ಸಾರ್ಟ್ ಕೊಡಿ. ಸೌಬರ್‌ಗೆ ಎರಡು 11ನೇ ಸ್ಥಾನ, ಕೇಟರ್‌ಹ್ಯಾಮ್‌ಗೆ ಮೊನಾಕೊ ರೇಸ್‌ನಲ್ಲಿ ಬಂದ ಒಂದೇ ಒಂದು. ಅಲ್ಲಿಗೆ ಸರಿಯಾಗುತ್ತದೆ.

ದಂಡ ಸೇರಿದ ಅಂತಿಮ ಫಲಿತಾಂಶವನ್ನೇ ಹಾಕಿ. ಅದೇ ಮೊನಾಕೊದಲ್ಲಿ ಮಾರುಸಿಯಾ ತಂಡದ ಚಾಲಕ ಬಿಯಾಂಕಿ ಗೆರೆ ದಾಟಿದ್ದು 8ನೆಯವರಾಗಿ, 5 ಸೆಕೆಂಡ್ ದಂಡ ಬಿದ್ದು 9ನೇ ಸ್ಥಾನಕ್ಕೆ ಇಳಿದರು. ಆ 9ನೇ ಸ್ಥಾನಕ್ಕೆ ಸಿಕ್ಕ 2 ಅಂಕದಿಂದಲೇ ಮಾರುಸಿಯಾ ಸೌಬರ್, ಕೇಟರ್‌ಹ್ಯಾಮ್ ಇಬ್ಬರಿಗಿಂತ ಮೇಲೆ, ತಂಡಗಳ ಪಟ್ಟಿಯ 9ನೇ ಸ್ಥಾನದಲ್ಲಿ ನಿಂತಿತು.

ಈ ಕೊನೆ ಸಾಲುಗಳನ್ನು ಸುಮ್ನೆ ಅಂದುಕೊಳ್ಳಬೇಡಿ. ಬಹುಮಾನದ ಹಣ ಹಂಚೋದು ಇದೇ ಕ್ರಮದಲ್ಲಿ. 2016ರಲ್ಲಿ ಸೌಬರ್‌ಗೆ 2 ಅಂಕ, ಮ್ಯಾನರ್ ತಂಡಕ್ಕೆ 1; ಒಂದೇ ಅಂಕದಿಂದ ಮ್ಯಾನರ್ ಹಿಂದೆ ಬಿತ್ತು. ಮುಂದಿನ ಸೀಸನ್ ಶುರುವಾಗೋ ಮೊದಲೇ ಮ್ಯಾನರ್ ಬಾಗಿಲು ಮುಚ್ಚಿತು.