‘ಬಿಹೇವಿಯರ್’ ಅಷ್ಟು ಮಂದವೇಕೆ?

ಬ್ರಿಟನ್ನಿನ ಪಾಪ್ ಸಂಗೀತ ಜೋಡಿ ಪೆಟ್ ಶಾಪ್ ಬಾಯ್ಸ್‌ನ 1990ರ ಆಲ್ಬಂ ‘ಬಿಹೇವಿಯರ್’ ಹಿಂದಿನ ಆಲ್ಬಂಗಳಂತೆ ಕುಣಿಸುವುದಿಲ್ಲ, ನನ್ನ ಪ್ರತಿಯಲ್ಲೇ ದೋಷವಿದೆಯೇ ಎಂದು ಕೇಳಿದ್ದೀರಿ. ಪ್ರತಿ ಸರಿಯಾಗಿಯೇ ಇದೆ, ಆ ಮಂದಗತಿ ಬೇಕೆಂದೇ ತಂದದ್ದು. ಹಳೆಯ ಅನಲಾಗ್ ಸಿಂಥಸೈಜರ್‌ಗಳ (ವಿದ್ಯುನ್ಮಾನ ವಾದ್ಯಗಳ) ನಾದವನ್ನು ಬಯಸಿ ಜೋಡಿಯ ನೀಲ್ ಟೆನಂಟ್ ಮತ್ತು ಕ್ರಿಸ್ ಲೋ ಮ್ಯೂನಿಕ್‌ಗೆ, ಸಂಗೀತ ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೇಯರ್ ಬಳಿಗೆ ಹೋದರು. ಹೆಡ್‌ಫೋನ್ ಹಾಕಿಕೊಂಡು ಈ ಆಲ್ಬಂನ ‘ಬೀಯಿಂಗ್ ಬೋರಿಂಗ್’ ಹಾಡು ಕೇಳಿ. ವಾದ್ಯಗಳು ಒಂದೊಂದಾಗಿ ಬಂದು ಸೇರುತ್ತವೆ, ಟೆನಂಟ್ ದನಿಗೆ ಅವಸರವೇ ಇಲ್ಲ. ಹದಿಹರೆಯದ ಪಾರ್ಟಿಗಳ ಹಳೆಯ ಆಮಂತ್ರಣ ಪತ್ರಗಳಿಂದ ಶುರುವಾಗುವ ಹಾಡು ತೊಂಬತ್ತರ ದಶಕಕ್ಕೆ ಬರುವಷ್ಟರಲ್ಲಿ ಗೆಳೆಯರಲ್ಲಿ ಕೆಲವರು ಇಲ್ಲವಾಗಿರುತ್ತಾರೆ. ಏಡ್ಸ್‌ನಿಂದ ತೀರಿಕೊಂಡ ಸ್ನೇಹಿತನ ನೆನಪು ಅದರ ಹಿಂದಿದೆ. ಅಂಥ ಹಾಡಿಗೆ ಅಬ್ಬರ ಹೊಂದೀತೇ? ಇದೇ ಆಲ್ಬಂನ ‘ಮೈ ಅಕ್ಟೋಬರ್ ಸಿಂಫನಿ’ಯಲ್ಲಿ ‘ದಿ ಸ್ಮಿತ್ಸ್’ ತಂಡದಲ್ಲಿದ್ದ ಜಾನಿ ಮಾರ್ ಗಿಟಾರ್ ಕೂಡ ಇದೆ, ಗಮನಿಸಿ. ಕುಣಿತವೇ ಬೇಕಿದ್ದರೆ ಇದೇ ಜೋಡಿಯ 1993ರ ಆಲ್ಬಂ ‘ವೆರಿ’ ಹಾಕಿಕೊಳ್ಳಿ.